ಲೇಖನಿಯೂ ರಾಜದಂಡವೂ

ಕವಿಗೂ ಅರಸನಿಗೂ ಇರುವ ನಂಟು ನಮ್ಮ ಸಾಹಿತ್ಯದಷ್ಟೇ ಹಳೆಯದು. ಪಂಪನಿಗೆ ಅರಿಕೇಸರಿ, ಪೊನ್ನನಿಗೆ ರಾಷ್ಟ್ರಕೂಟರ ಕೃಷ್ಣ, ರನ್ನನಿಗೆ ಚಾಲುಕ್ಯರ ತೈಲಪ ಆಶ್ರಯದಾತರಾದರು; ಆ ಋಣವನ್ನು ಕವಿಗಳು ಕಾವ್ಯದಲ್ಲಿ ತೀರಿಸಿದರು. ಅರಮನೆಯ ಹಂಗೇ ಬೇಡವೆಂದವರೂ ನಮ್ಮಲ್ಲಿ ಆಗಿಹೋಗಿದ್ದಾರೆ. ಹೊಯ್ಸಳರ ಆಸ್ಥಾನದ ಲೆಕ್ಕಿಗತನವನ್ನು ಬಿಟ್ಟು ಹಂಪೆಯ ವಿರೂಪಾಕ್ಷನ ಬಳಿಗೆ ನಡೆದ ಹರಿಹರನ ಕಥೆ ಎಲ್ಲರಿಗೂ ತಿಳಿದದ್ದೇ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣ ಹೊತ್ತಿ ಉರಿದಾಗ ಶರಣರು ವಚನದ ಕಟ್ಟುಗಳನ್ನು ಹೊತ್ತು ಉಳವಿಯ ಕಾಡಿನತ್ತ ನಡೆದರೆಂಬ ಪ್ರತೀತಿಯೂ ಉಂಟು.

ಹಳೆಯ ಕಾಲದ ಅರಸನು ಎಷ್ಟೇ ಕಠಿಣನಾಗಿರಲಿ, ಅವನ ಕೈಗೆ ಎಟುಕದ ಒಂದು ವಸ್ತು ಇತ್ತು. ಅದು ತಾಳೆಯ ಗರಿ. ಅದು ಕಾಡಿನಲ್ಲಿ ಬೆಳೆಯುತ್ತಿತ್ತು. ಬರೆಯುವ ಕಂಠವನ್ನು ಊರಿನ ಕಮ್ಮಾರನು ಬಡಿದು ಕೊಡುತ್ತಿದ್ದನು. ಅರಸನು ಕವಿಯನ್ನು ಅಟ್ಟಬಹುದಿತ್ತು, ಕೊಲ್ಲಿಸಲೂಬಹುದಿತ್ತು. ಆದರೆ ನಾಡಿನ ಗರಿಗಳನ್ನೆಲ್ಲ ಲೆಕ್ಕವಿಟ್ಟು ಕೊಡುವ ಶಕ್ತಿ ಅವನಿಗಿರಲಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಅಂಥ ಶಕ್ತಿಯುಳ್ಳ ಪ್ರಭುತ್ವಗಳು ಹುಟ್ಟಿದುವು. ಕಾಗದ, ಅಚ್ಚುಕೂಟ, ಪತ್ರಿಕೆ, ಪುಸ್ತಕದ ಅಂಗಡಿ, ಲೇಖಕನ ಸಂಬಳ, ಅವನು ಮಲಗುವ ಮನೆ ಎಲ್ಲವೂ ಒಂದೇ ಕೈಯಲ್ಲಿ ಸೇರಿದರೆ, ಆ ಕೈಗೆ ಒಪ್ಪದ ಮಾತನ್ನು ಬರೆಯಬೇಕೆಂಬವನ ಬಾಳು ಏನಾದೀತು? ಈ ಲೇಖನದ ವಿಷಯ ಅದು.

ದೂರದ ರಷ್ಯದ ಈ ಮಾತು ಅಡಕೆ ತೋಟಗಳ ನಡುವೆ ಬಾಳುವ ಪುತ್ತೂರು, ಸುಳ್ಯ, ಕಡಬದವರಿಗೆ ಏಕೆ ಎಂದು ಕೇಳಬಹುದು. ಏಕೆಂದರೆ ಪ್ರಭುತ್ವ ಮತ್ತು ಬರಹಗಾರ ಎಂಬ ಪ್ರಶ್ನೆಯನ್ನು ತಮ್ಮ ಬಾಳಿನಲ್ಲೇ ಎದುರಿಸಿದ ಇಬ್ಬರು ದೊಡ್ಡ ಲೇಖಕರು ಈ ಮಣ್ಣಿನ ನಂಟಿನವರು. ಒಬ್ಬರು ಪುತ್ತೂರಿನ ಪರ್ಲಡ್ಕದ ಬಾಲವನದಲ್ಲಿ ದಶಕಗಟ್ಟಲೆ ನೆಲಸಿ ಬರೆದ ಶಿವರಾಮ ಕಾರಂತರು. ಇನ್ನೊಬ್ಬರು ಸುಬ್ರಹ್ಮಣ್ಯದ ಬಳಿಯ ಕುಳ್ಕುಂದದಲ್ಲಿ 1924ರಲ್ಲಿ ಹುಟ್ಟಿದ ಕುಳ್ಕುಂದ ಶಿವರಾಯರು, ಎಂದರೆ ನಾವೆಲ್ಲ ಬಲ್ಲ ನಿರಂಜನರು. ಇಬ್ಬರ ಮಾತಿಗೂ ಮುಂದೆ ಬರುತ್ತೇನೆ. ಮೊದಲು ರಷ್ಯದ ವ್ಯವಸ್ಥೆ ಹೇಗೆ ನಡೆಯುತ್ತಿತ್ತೆಂಬುದನ್ನು ತಿಳಿಯಬೇಕು.

1917ರ ಕ್ರಾಂತಿಯ ಬಳಿಕ ಸೋವಿಯೆತ್ ಸರಕಾರವು 1922ರಲ್ಲಿ ಗ್ಲಾವ್‌ಲಿತ್ ಎಂಬ ಕಚೇರಿಯನ್ನು ತೆರೆಯಿತು. ಅಚ್ಚಾಗುವ ಪ್ರತಿಯೊಂದು ಹಾಳೆಯೂ ಮೊದಲು ಅದರ ಕಣ್ಣಿಗೆ ಬೀಳಬೇಕು. 1932ರಲ್ಲಿ ಬೇರೆ ಬೇರೆ ಸಾಹಿತ್ಯ ಕೂಟಗಳನ್ನೆಲ್ಲ ವಿಸರ್ಜಿಸಿ, ಎಲ್ಲರಿಗೂ ಒಂದೇ ಲೇಖಕರ ಸಂಘ ಎಂದು ಪಕ್ಷವು ಗೊತ್ತುಮಾಡಿತು. ಆ ಸಂಘದ ಮೊದಲನೆಯ ಮಹಾಸಭೆ 1934ರಲ್ಲಿ ಮ್ಯಾಕ್ಸಿಂ ಗೋರ್ಕಿಯ ಮುಂದಾಳುತನದಲ್ಲಿ ನೆರೆಯಿತು. ಸಮಾಜವಾದಿ ವಾಸ್ತವತೆಯೆಂಬ ಒಂದೇ ಮಾರ್ಗವನ್ನು ಅಲ್ಲಿ ಎಲ್ಲರಿಗೂ ವಿಧಿಸಲಾಯಿತು. ಸಂಘದ ಸದಸ್ಯನಿಗೆ ಸೌಕರ್ಯಗಳು ಅಪಾರ: ಪುಸ್ತಕಕ್ಕೆ ದೊಡ್ಡ ಸಂಭಾವನೆ, ಪಟ್ಟಣದಲ್ಲಿ ಬಿಡಾರ, ಹೊರವಲಯದಲ್ಲಿ ತೋಟದ ಮನೆ, ವೈದ್ಯರ ನೆರವು, ವಿಶ್ರಾಂತಿಧಾಮ. ಸಂಘದಿಂದ ಹೊರಬಿದ್ದವನಿಗೆ ಇವೊಂದೂ ಇಲ್ಲ. ಹೀಗಾಗಿ ಕಲಿಸುವ ಕೋಲು ಯಾವಾಗಲೂ ಸೆರೆಮನೆಯೇ ಆಗಬೇಕಾಗಿರಲಿಲ್ಲ. ಅನ್ನದ ತಟ್ಟೆಯನ್ನು ಸ್ವಲ್ಪ ಆಚೆಗೆ ಸರಿಸಿದರೂ ಸಾಕಾಗುತ್ತಿತ್ತು.

ನಮ್ಮ ಕಡೆಯ ಒಂದು ಹೋಲಿಕೆಯಿಂದ ಇದನ್ನು ಗ್ರಹಿಸಬಹುದು. ಮಳೆಗಾಲದ ರಾತ್ರಿಗಳಲ್ಲಿ ನಾವು ತಾಳಮದ್ದಲೆಗೆ ಕುಳಿತುಕೊಳ್ಳುತ್ತೇವೆ. ಪ್ರಸಂಗ ವಾಲಿಮೋಕ್ಷವೆಂದಿರಲಿ. ರಾಮನು ದೇವರೆಂಬುದರಲ್ಲಿ ಸಭೆಯ ಯಾರಿಗೂ ಸಂದೇಹವಿಲ್ಲ. ಆದರೂ ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ನ್ಯಾಯವೇ ಎಂದು ವಾಲಿ ಕೇಳುವಾಗ ಸಭೆ ಕಿವಿಗೊಡುತ್ತದೆ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಿದವರು ಆ ಪ್ರಶ್ನೆಯ ಮೊನೆಯನ್ನು ಮರೆಯಲಾರರು. ವಾಲಿಯ ಅರ್ಥಧಾರಿಯ ಬಾಯಿ ಕಟ್ಟಿ, ರಾಮನ ಅರ್ಥಧಾರಿಯೊಬ್ಬನೇ ಬೆಳಗಿನವರೆಗೆ ಮಾತನಾಡಲಿ ಎಂದರೆ ಅದು ತಾಳಮದ್ದಲೆಯಾಗದು. ರಾಮನ ಹಿರಿಮೆಯೂ ಅದರಿಂದ ಹೆಚ್ಚದು. ಉತ್ತರಿಸಬೇಕಾದ ಪ್ರಶ್ನೆಯೇ ಇಲ್ಲದ ಮೇಲೆ ಉತ್ತರದ ಬೆಲೆ ತಿಳಿಯುವುದಾದರೂ ಹೇಗೆ? ಸೋವಿಯೆತ್ ಪ್ರಭುತ್ವವು ಸಾಹಿತ್ಯದಲ್ಲಿ ಮಾಡಲು ಹೊರಟಿದ್ದು ಒಂದೇ ಪಾತ್ರದ ತಾಳಮದ್ದಲೆಯನ್ನು.

ವಾಲಿಯ ಪ್ರಶ್ನೆಯನ್ನು ಕೇಳಿದವರಿಗೆ ಏನಾಯಿತು? ಒಸಿಪ್ ಮಾಂದೆಲ್‌ಸ್ತಾಂ ಎಂಬ ಕವಿ ಸ್ತಾಲಿನನನ್ನು ಕುರಿತು ಒಂದು ಚಿಕ್ಕ ಕವಿತೆಯನ್ನು ಕಟ್ಟಿ, ಅದನ್ನು ಅಚ್ಚಿಗೆ ಕೊಡದೆ ಕೆಲವು ಗೆಳೆಯರ ಎದುರಿಗಷ್ಟೇ ಹೇಳಿದನು. 1934ರ ಮೇ ತಿಂಗಳಿನಲ್ಲಿ ಅವನನ್ನು ಹಿಡಿದು ಗಡೀಪಾರು ಮಾಡಿದರು. 1938ರಲ್ಲಿ ಮತ್ತೆ ಹಿಡಿದರು. ಆ ವರ್ಷದ ಡಿಸೆಂಬರಿನಲ್ಲಿ ಪೂರ್ವದ ತುದಿಯ ವ್ಲಾದಿವೊಸ್ತೊಕ್ ಬಳಿಯ ಕೈದಿಗಳ ಶಿಬಿರದಲ್ಲಿ ಅವನು ತೀರಿಕೊಂಡನು. ಅವನ ಹೆಂಡತಿ ನದೇಝ್ದಾ, ಅಚ್ಚಾಗದ ಅವನ ಕವಿತೆಗಳನ್ನು ಬಾಯಿಪಾಠ ಮಾಡಿ, ಊರಿಂದೂರಿಗೆ ಅಲೆಯುತ್ತ ದಶಕಗಳ ಕಾಲ ಕಾಪಾಡಿದಳು.

ಆನ್ನಾ ಅಖ್ಮಾತೊವಾ ಎಂಬ ಕವಯಿತ್ರಿಯ ಕಥೆಯೂ ಇಂಥದೇ. ಆಕೆಯ ಮೊದಲ ಗಂಡ, ಕವಿ ಗುಮಿಲ್ಯೋವ್, 1921ರಲ್ಲಿ ಗುಂಡಿಗೆ ಗುರಿಯಾದನು. 1930ರ ದಶಕದಲ್ಲಿ ಮಗ ಲೆವ್ ಸೆರೆಯಾದನು. ಮಗನ ಸುದ್ದಿ ತಿಳಿಯಲು, ಒಂದು ಬುತ್ತಿಯ ಗಂಟನ್ನು ಒಳಗೆ ಕಳುಹಿಸಲು, ಲೆನಿನ್‌ಗ್ರಾದಿನ ಸೆರೆಮನೆಯ ಹೊರಗೆ ನೂರಾರು ತಾಯಂದಿರ ಸಾಲಿನಲ್ಲಿ ಆಕೆ ಹದಿನೇಳು ತಿಂಗಳು ನಿಂತಳು. ಆ ಸಾಲಿನ ದುಃಖವೇ 'ರೆಕ್ವಿಯಂ' ಎಂಬ ಕವಿತೆಯಾಯಿತು. ಕವಿತೆ ಕಾಗದದ ಮೇಲೆ ಇದ್ದರೆ ಅದೇ ಸಾಕ್ಷ್ಯ. ಆದುದರಿಂದ ಆಕೆ ಒಂದು ಚೂರು ಕಾಗದದಲ್ಲಿ ಕೆಲವು ಸಾಲು ಬರೆದು ಗೆಳತಿಗೆ ಕೊಡುವಳು. ಗೆಳತಿ ಮೌನವಾಗಿ ಓದಿ ಕಂಠಸ್ಥ ಮಾಡಿಕೊಳ್ಳುವಳು. ಕೂಡಲೇ ಆ ಚೂರನ್ನು ಸುಟ್ಟುಬಿಡುವರು. ಗೋಡೆಗೂ ಕಿವಿಯುಂಟೆಂಬ ಭಯದಿಂದ ಈ ಹೊತ್ತಿನಲ್ಲಿ ಬಾಯಲ್ಲಿ ಹವೆಯ ಮಾತು, ಚಹದ ಮಾತು. ಮ್ಯೂನಿಕ್ ನಗರದಲ್ಲಿ ಈ ಕವಿತೆ ಅಚ್ಚಾದದ್ದು 1963ರಲ್ಲಿ. ಆಕೆಯ ಸ್ವಂತ ನಾಡಿನಲ್ಲಿ 1987ರಲ್ಲಿ. ಆಗ ಆಕೆ ತೀರಿಕೊಂಡು ಇಪ್ಪತ್ತೊಂದು ವರ್ಷವಾಗಿತ್ತು.

ಬಾಯಿಪಾಠವನ್ನು ಇಂದು ಕೆಲವರು ಹಗುರವಾಗಿ ಕಾಣುತ್ತಾರೆ. ತರಗತಿಯಲ್ಲಿ ಷಟ್ಪದಿಯನ್ನು ಕಂಠಪಾಠ ಮಾಡಿರೆಂದರೆ ಮಕ್ಕಳು ಮುಖ ಕಿವಿಚುವುದುಂಟು. ಆದರೆ ಯಾವ ಪೊಲೀಸನೂ ಶೋಧಿಸಲಾಗದ ಗ್ರಂಥಭಂಡಾರವೆಂದರೆ ಮನುಷ್ಯನ ನೆನಪು ಎಂಬುದನ್ನು ಈ ಇಬ್ಬರು ಹೆಂಗಸರು ತೋರಿಸಿಕೊಟ್ಟರು.

ಮುಂದಿನದು ಬೋರಿಸ್ ಪಾಸ್ತರ್ನಾಕನ ಬಾಳು. 1890ರಲ್ಲಿ ಮಾಸ್ಕೋದಲ್ಲಿ ಹುಟ್ಟಿದ ಈತನ ತಂದೆ ಚಿತ್ರಕಾರ, ತಾಯಿ ಪಿಯಾನೊ ವಾದಕಿ. ಮುಂದೆ ಕವಿಯೆಂದು ಹೆಸರು ಪಡೆದನು. ಸ್ವಂತ ಕವಿತೆಗೆ ಕಾಲ ಒದಗದ ವರ್ಷಗಳಲ್ಲಿ ಶೇಕ್ಸ್‌ಪಿಯರನ ನಾಟಕಗಳನ್ನೂ ಗಯಟೆಯ 'ಫೌಸ್ಟ್' ಕಾವ್ಯವನ್ನೂ ರಷ್ಯನ್ ಭಾಷೆಗೆ ತಂದು ಹೊಟ್ಟೆ ಹೊರೆದನು. ಎರಡನೆಯ ಮಹಾಯುದ್ಧ ಮುಗಿದ ಮೇಲೆ 'ಡಾಕ್ಟರ್ ಝಿವಾಗೊ' ಎಂಬ ಕಾದಂಬರಿಯನ್ನು ಕೈಗೆತ್ತಿಕೊಂಡು, ಸುಮಾರು ಹತ್ತು ವರ್ಷ ಅದರಲ್ಲೇ ಮುಳುಗಿದನು. ಕ್ರಾಂತಿಯ ಬಿರುಗಾಳಿಯಲ್ಲಿ ಸಿಕ್ಕಿದ ಒಬ್ಬ ವೈದ್ಯನ, ಕವಿಯ ಕಥೆ ಅದು. ಅದರಲ್ಲಿ ಸರಕಾರವನ್ನು ಉರುಳಿಸಿರೆಂಬ ಕರೆಯಿಲ್ಲ. ಒಬ್ಬ ಮನುಷ್ಯನ ಒಳಬಾಳು ಚರಿತ್ರೆಯ ದೊಡ್ಡ ಮಾತುಗಳಿಗಿಂತ ಕಡಿಮೆಯದಲ್ಲ ಎಂಬ ನಂಬಿಕೆಯಿದೆ. ಅಷ್ಟೇ ಸಾಕಾಯಿತು.

1956ರಲ್ಲಿ 'ನೋವಿ ಮಿರ್' ಎಂಬ ಮಾಸಪತ್ರಿಕೆ ಹಸ್ತಪ್ರತಿಯನ್ನು ತಿರಸ್ಕರಿಸಿತು. ಅಷ್ಟರಲ್ಲಿ ಒಂದು ಪ್ರತಿ ಇಟಲಿಯ ಪ್ರಕಾಶಕ ಫೆಲ್ತ್ರಿನೆಲ್ಲಿಯ ಕೈ ಸೇರಿತ್ತು. ಈ ಪ್ರಕಾಶಕನೂ ಕಮ್ಯುನಿಸ್ಟ್ ಪಕ್ಷದವನೇ ಆಗಿದ್ದನೆಂಬುದು ಗಮನಿಸಬೇಕಾದ ಸಂಗತಿ. ಅಚ್ಚುಮಾಡಬಾರದೆಂಬ ಒತ್ತಡಕ್ಕೆ ಮಣಿಯದೆ ಅವನು 1957ರ ನವೆಂಬರಿನಲ್ಲಿ ಪುಸ್ತಕವನ್ನು ಹೊರತಂದನು. 1958ರ ಅಕ್ಟೋಬರ್ 23ರಂದು ಪಾಸ್ತರ್ನಾಕನಿಗೆ ನೊಬೆಲ್ ಬಹುಮಾನ ಘೋಷಿಸಲ್ಪಟ್ಟಿತು. ಅವನು ಹರ್ಷದಿಂದ ಕೃತಜ್ಞತೆಯ ತಂತಿ ಕಳುಹಿಸಿದನು. ನಾಲ್ಕು ದಿನಗಳಲ್ಲಿ ಲೇಖಕರ ಸಂಘ ಅವನನ್ನು ಹೊರಹಾಕಿತು. ಪತ್ರಿಕೆಗಳಲ್ಲಿ ಬೈಗುಳದ ಮಳೆಯಾಯಿತು. ಬೈದವರಲ್ಲಿ ಅನೇಕರು ಆ ಪುಸ್ತಕವನ್ನು ಕಣ್ಣಿನಿಂದ ಕಂಡವರೂ ಅಲ್ಲ, ಏಕೆಂದರೆ ಅದು ಆ ನಾಡಿನಲ್ಲಿ ಅಚ್ಚಾಗಿರಲೇ ಇಲ್ಲ. ಅಕ್ಟೋಬರ್ 29ರಂದು ಅವನು ಬಹುಮಾನ ತನಗೆ ಬೇಡವೆಂದು ತಿಳಿಸಿದನು. ಆದರೂ ದೇಶದಿಂದ ಅಟ್ಟಬೇಕೆಂಬ ಕೂಗು ನಿಲ್ಲಲಿಲ್ಲ. ತಾಯ್ನಾಡನ್ನು ಬಿಡುವುದು ತನಗೆ ಮರಣಕ್ಕೆ ಸಮವೆಂದು ಅವನು ಖ್ರುಶ್ಚೇವನಿಗೆ ಪತ್ರ ಬರೆಯಬೇಕಾಯಿತು. ಸೋವಿಯೆತ್ ನಾಡಿನ ಸ್ನೇಹಿತರೇ ಆಗಿದ್ದ ನಮ್ಮ ಪ್ರಧಾನಿ ಜವಾಹರಲಾಲ್ ನೆಹರೂ ಅವರು ಸಹ, ಹೆಸರಾಂತ ಲೇಖಕನೊಬ್ಬನ ಅಭಿಪ್ರಾಯ ಪ್ರಬಲ ಅಭಿಪ್ರಾಯಕ್ಕೆ ವಿರುದ್ಧವಾಗಿದ್ದರೂ ಅದಕ್ಕೆ ಮನ್ನಣೆಯಿರಬೇಕೆಂದು ಆ ನವೆಂಬರಿನಲ್ಲಿ ಬಹಿರಂಗವಾಗಿ ಹೇಳಿದರು.

ಪಾಸ್ತರ್ನಾಕ್ 1960ರ ಮೇ 30ರಂದು ಪೆರೆದೆಲ್ಕಿನೊ ಎಂಬ ಹಳ್ಳಿಯ ಮನೆಯಲ್ಲಿ ತೀರಿಕೊಂಡನು. ಪತ್ರಿಕೆಯಲ್ಲಿ ಬಂದದ್ದು ಒಂದು ಪುಟ್ಟ ಸೂಚನೆ ಮಾತ್ರ. ಆದರೆ ಮಾಸ್ಕೋದ ರೈಲು ನಿಲ್ದಾಣದಲ್ಲಿ ಯಾರೋ ಕೈಬರಹದ ಚೀಟಿಗಳನ್ನು ಅಂಟಿಸಿದರು. ಜನ ಗುಂಪುಗುಂಪಾಗಿ ಹೋದರು. ಗೋರಿಯ ಬಳಿ ಅವನ ನಿಷಿದ್ಧ ಕವಿತೆಯನ್ನು ನೆನಪಿನಿಂದ ಹೇಳಿದರು. ಅವನ ಆಪ್ತಳಾಗಿದ್ದ ಓಲ್ಗಾ ಇವಿನ್‌ಸ್ಕಾಯಾ ಸ್ತಾಲಿನನ ಕಾಲದಲ್ಲಿ ಒಮ್ಮೆ ಶಿಬಿರ ಕಂಡವಳು. ಕವಿ ಸತ್ತ ಕೆಲವೇ ತಿಂಗಳಲ್ಲಿ ಆಕೆಯನ್ನು ಮತ್ತೆ ಸೆರೆಗೆ ಹಾಕಿದರು. ಭಿನ್ನಮತದ ಬರಹಗಾರನ ಶಿಕ್ಷೆ ಅವನೊಬ್ಬನಿಗೇ ಮುಗಿಯುವುದಿಲ್ಲ. ಹೆಂಡತಿ ಮಕ್ಕಳು, ಗೆಳೆಯರು, ಬೆರಳಚ್ಚು ಮಾಡಿಕೊಟ್ಟವರು ಎಲ್ಲರೂ ಅದರಲ್ಲಿ ಪಾಲುದಾರರು. ಕೊನೆಗೆ 1988ರಲ್ಲಿ, ತಿರಸ್ಕರಿಸಿದ ಅದೇ 'ನೋವಿ ಮಿರ್' ಪತ್ರಿಕೆಯೇ ಕಾದಂಬರಿಯನ್ನು ಪ್ರಕಟಿಸಿತು. 1989ರಲ್ಲಿ ಅವನ ಮಗ ಸ್ಟಾಕ್‌ಹೋಮಿಗೆ ಹೋಗಿ ತಂದೆಯ ಪದಕವನ್ನು ಪಡೆದನು.

ಇಲ್ಲಿಂದ ಮುಂದಿನ ಕಥೆಯನ್ನು ಸಂಕ್ಷೇಪವಾಗಿ ಹೇಳಬಹುದು. ಅಚ್ಚುಕೂಟದ ಬಾಗಿಲು ಮುಚ್ಚಿದ ಮೇಲೆ ಜನ ಬೆರಳಚ್ಚು ಯಂತ್ರಕ್ಕೆ ಶರಣುಹೋದರು. ತೆಳು ಕಾಗದಗಳ ನಡುವೆ ಇಂಗಾಲದ ಹಾಳೆಯಿಟ್ಟು ಒಮ್ಮೆಗೆ ನಾಲ್ಕೈದು ಪ್ರತಿ ತೆಗೆಯುವುದು. ಪಡೆದವನು ರಾತ್ರಿಯೆಲ್ಲ ಓದಿ, ತಾನೂ ನಾಲ್ಕು ಪ್ರತಿ ಮಾಡಿ ಹಂಚುವುದು. ಇದನ್ನು ಅಲ್ಲಿ 'ಸಮಿಜ್ದಾತ್' ಎಂದು ಕರೆದರು. ತಾನೇ ಪ್ರಕಟಿಸಿದ್ದು ಎಂದು ಅರ್ಥ. ನಮ್ಮ ಓಲೆಗರಿಯ ಲಿಪಿಕಾರರ ಪದ್ಧತಿಯೇ ಹೊಸ ವೇಷದಲ್ಲಿ ಮರಳಿತೆನ್ನಬೇಕು. ರುಮೇನಿಯದ ಸರಕಾರವಂತೂ 1983ರಲ್ಲಿ ಪ್ರತಿಯೊಂದು ಬೆರಳಚ್ಚು ಯಂತ್ರವನ್ನೂ ಪೊಲೀಸರಲ್ಲಿ ದಾಖಲು ಮಾಡಿಸಿ ಅದರ ಅಕ್ಷರದ ಮಾದರಿಯನ್ನು ಒಪ್ಪಿಸಬೇಕೆಂದು ಕಟ್ಟಳೆ ಹೊರಡಿಸಿತು. ರಷ್ಯದಲ್ಲಿ ಕವಿ ಬ್ರಾಡ್‌ಸ್ಕಿಗೆ 1964ರಲ್ಲಿ ಕೆಲಸವಿಲ್ಲದ ಪರಾವಲಂಬಿಯೆಂಬ ಆರೋಪದ ಮೇಲೆ ಗಡೀಪಾರಾಯಿತು. ಕವಿತೆ ಬರೆಯುವುದು ಕೆಲಸವೆಂದು ನ್ಯಾಯಾಲಯ ಒಪ್ಪಲಿಲ್ಲ. ಅದೇ ಬ್ರಾಡ್‌ಸ್ಕಿಗೆ 1987ರಲ್ಲಿ ನೊಬೆಲ್ ಬಹುಮಾನ ಬಂತು. ಶಿಬಿರಗಳ ಚರಿತ್ರೆಯನ್ನು ಬರೆದ ಸೊಲ್ಝೆನಿತ್ಸಿನನನ್ನು 1974ರಲ್ಲಿ ದೇಶದಿಂದ ಹೊರಗಟ್ಟಿದರು. ಅವನು 1994ರಲ್ಲಿ ಮರಳಿದನು. ಚೆಕೊಸ್ಲೊವಾಕಿಯದ ನಾಟಕಕಾರ ವಾತ್ಸ್ಲಾವ್ ಹಾವೆಲ್ ಮದ್ಯದ ಕಾರ್ಖಾನೆಯಲ್ಲಿ ಪೀಪಾಯಿ ಉರುಳಿಸಿ, ವರ್ಷಗಟ್ಟಲೆ ಸೆರೆಯಲ್ಲಿದ್ದು, 1989ರ ಕೊನೆಯಲ್ಲಿ ಅದೇ ದೇಶದ ರಾಷ್ಟ್ರಾಧ್ಯಕ್ಷನಾದನು.

ಇನ್ನು ನಮ್ಮ ನೆಲದ ಮಾತು. ಕುಳ್ಕುಂದದ ಹುಡುಗ ಶಿವರಾಯ ಸುಳ್ಯದಲ್ಲಿ ಓದಿ, ಮುಂದೆ ನೀಲೇಶ್ವರದ ಹೈಸ್ಕೂಲಿಗೆ ಸೇರಿದರು. ಅದು ಅಂದಿನ ದಕ್ಷಿಣ ಕನ್ನಡ ಜಿಲ್ಲೆಯ ತೆಂಕಣ ತುದಿ. ಹತ್ತಿರದ ಕಯ್ಯೂರಿನಲ್ಲಿ ಜಮೀನ್ದಾರಿಕೆಯ ವಿರುದ್ಧ ರೈತರು ಎದ್ದಿದ್ದ ಕಾಲ. 1941ರ ಮಾರ್ಚಿನಲ್ಲಿ ಅಲ್ಲಿ ಒಬ್ಬ ಪೊಲೀಸನು ಹೊಳೆಯಲ್ಲಿ ಸತ್ತನು. ಅದಕ್ಕಾಗಿ 1943ರ ಮಾರ್ಚ್ 29ರಂದು ಕಣ್ಣೂರು ಸೆರೆಮನೆಯಲ್ಲಿ ನಾಲ್ವರು ರೈತ ತರುಣರನ್ನು ಗಲ್ಲಿಗೇರಿಸಿದರು. ಆ ನಾಲ್ವರ ನೆನಪೇ ಮುಂದೆ 1955ರಲ್ಲಿ ನಿರಂಜನರ 'ಚಿರಸ್ಮರಣೆ' ಕಾದಂಬರಿಯಾಯಿತು. ಮಲೆಯಾಳಿಗಳೂ ಅದನ್ನು ತಮ್ಮದೆಂದೇ ಓದಿದರು. ಸುಳ್ಯದಿಂದ ಹೊರಟು ಪುತ್ತೂರಿನ ದಾರಿಯಾಗಿ ಮಂಗಳೂರನ್ನು ಹಿಡಿದ 1837ರ ರೈತ ದಂಗೆಯನ್ನು ಅವರು 'ಕಲ್ಯಾಣಸ್ವಾಮಿ' ಕಾದಂಬರಿಯಲ್ಲಿ ಎತ್ತಿಕೊಂಡರು. ನಿರಂಜನರು ಕಮ್ಯುನಿಸ್ಟರು. ಸ್ವಾತಂತ್ರ್ಯ ಬಂದ ಬಳಿಕ ಪಕ್ಷದ ಮೇಲೆ ನಿರ್ಬಂಧ ಬಿದ್ದಾಗ ಕೆಲಕಾಲ ಭೂಗತರಾಗಿ ಬಾಳಿದವರು. ಗೋರ್ಕಿಯ 'ತಾಯಿ'ಯನ್ನು ಕನ್ನಡಕ್ಕೆ ತಂದವರೂ ಅವರೇ.

ಇಲ್ಲಿ ಒಂದು ತೊಡಕು ಎದುರಾಗುತ್ತದೆ, ಅದನ್ನು ಮರೆಮಾಚಬಾರದು. ಗೇಣಿದಾರನ ಕಣ್ಣೀರನ್ನು ಕಂಡು, ಅದನ್ನು ಒರೆಸುವ ತತ್ತ್ವವೆಂದು ಯಾವುದನ್ನು ನಮ್ಮ ಊರಿನ ತರುಣ ಅಪ್ಪಿಕೊಂಡರೋ, ಅದೇ ತತ್ತ್ವದ ಹೆಸರಿನಲ್ಲಿ ಇನ್ನೊಂದು ನಾಡಿನಲ್ಲಿ ಅಖ್ಮಾತೊವಾ ಸೆರೆಮನೆಯ ಬಾಗಿಲಲ್ಲಿ ನಿಂತಳು. ಹಾಗೆಂದು ಕಯ್ಯೂರಿನ ರೈತನ ಸಂಕಟ ಸುಳ್ಳಾಗದು; ಕಯ್ಯೂರಿನ ಸಂಕಟ ನಿಜವೆಂದು ಲೆನಿನ್‌ಗ್ರಾದಿನ ತಾಯಿಯ ಸಂಕಟವೂ ಸುಳ್ಳಾಗದು. ಸೋವಿಯೆತ್ ಪ್ರಕಾಶನಗಳು ಕನ್ನಡದಲ್ಲಿಯೇ ಅಚ್ಚು ಹಾಕಿ ಕಳುಹಿಸಿದ ಅಗ್ಗದ, ಚೆಂದದ ಪುಸ್ತಕಗಳನ್ನು ಓದಿ ನಮ್ಮ ಹಳ್ಳಿಗಳ ಎಷ್ಟೋ ಮಕ್ಕಳು ಬೆಳೆದರು. ಅದರ ಉಪಕಾರವನ್ನು ನೆನೆಯಲೇಬೇಕು. ಆದರೆ ಸ್ವಂತ ನಾಡಿನಲ್ಲೇ ಅಚ್ಚಾಗದಿದ್ದ 'ರೆಕ್ವಿಯಂ' ಆ ಪೆಟ್ಟಿಗೆಗಳಲ್ಲಿ ಬರುವಂತಿರಲಿಲ್ಲ. ಅಂದಿನ ಓದುಗರಿಗೆ ಕಾಣಿಸಿದ್ದು ಚಿತ್ರದ ಒಂದು ಮಗ್ಗುಲು. ಮುಂದೆ ನಿರಂಜನರು 25 ಸಂಪುಟಗಳ 'ವಿಶ್ವಕಥಾಕೋಶ'ವನ್ನು ಸಂಪಾದಿಸಿ ಅನೇಕ ದೇಶಗಳ ಕಥೆಗಳನ್ನು ಕನ್ನಡಿಗರ ಜಗುಲಿಗೆ ತಂದರೆಂಬುದು ಅವರ ಮನಸ್ಸಿನ ಹರಹಿಗೆ ಸಾಕ್ಷಿ.

ಕಾರಂತರದು ಬೇರೆಯ ದಾರಿ. ಅವರು ಯಾವ ಪಕ್ಷಕ್ಕೂ ತಮ್ಮ ಲೇಖನಿಯನ್ನು ಒತ್ತೆಯಿಟ್ಟವರಲ್ಲ. ಪುತ್ತೂರಿನಲ್ಲಿದ್ದು ತಮ್ಮ ಪುಸ್ತಕಗಳನ್ನು ತಾವೇ ಪ್ರಕಟಿಸಿದವರು, ಬೇಕಾದರೆ ಚಿತ್ರವನ್ನೂ ತಾವೇ ಬರೆದವರು. ಸ್ವಂತ ಅಚ್ಚು, ಸ್ವಂತ ಮಾರಾಟ. ಇದು ಬರಿಯ ವ್ಯಾಪಾರದ ಮಾತಲ್ಲವೆಂಬುದು ಪಾಸ್ತರ್ನಾಕನ ಕಥೆ ಓದಿದವರಿಗೆ ತಿಳಿದೀತು. ಒಂದು ಬಾಗಿಲು ಮುಚ್ಚಿದರೆ ಇನ್ನೊಂದು ಬಾಗಿಲು ತಟ್ಟುವ ಅವಕಾಶವೇ ಬರಹಗಾರನ ಸ್ವಾತಂತ್ರ್ಯದ ಅರ್ಧ ಪಾಲು.

1975ರ ಜೂನ್ 25ರ ರಾತ್ರಿ ನಮ್ಮ ದೇಶದಲ್ಲಿ ತುರ್ತು ಪರಿಸ್ಥಿತಿ ಜಾರಿಗೆ ಬಂತು. ಅದು 1977ರ ಮಾರ್ಚಿನವರೆಗೆ ಇತ್ತು. ಪತ್ರಿಕೆಗಳು ಅಚ್ಚಿಗೆ ಮೊದಲು ಸರಕಾರದ ಅಪ್ಪಣೆ ಪಡೆಯಬೇಕಾಯಿತು. ಬಾನುಲಿಯಿಂದಲೂ ಒಂದೇ ಕಡೆಯ ಮಾತು ಕೇಳಿಬಂತು. ವಿಚಾರಣೆಯಿಲ್ಲದೆ ಸಾವಿರಾರು ಜನ ಸೆರೆ ಸೇರಿದರು. 'ಸಂಸ್ಕಾರ' ಚಿತ್ರದ ನಟಿ ಸ್ನೇಹಲತಾ ರೆಡ್ಡಿಯವರು ಬೆಂಗಳೂರಿನ ಸೆರೆಮನೆಯಲ್ಲಿ ಆರೋಗ್ಯ ಕಳೆದುಕೊಂಡು, ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು. ಕಾರಂತರಿಗೆ 1968ರಲ್ಲಿ ಪದ್ಮಭೂಷಣ ಪ್ರಶಸ್ತಿ ಬಂದಿತ್ತು. ತುರ್ತು ಪರಿಸ್ಥಿತಿಯನ್ನು ಪ್ರತಿಭಟಿಸಿ ಅವರು ಅದನ್ನು ಸರಕಾರಕ್ಕೆ ಹಿಂದಿರುಗಿಸಿದರು. ಆಗ ಅವರ ವಯಸ್ಸು ಎಪ್ಪತ್ತು ದಾಟಿತ್ತು.

ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಕಾರಂತರ ಪುಸ್ತಕಗಳು ಅಂಗಡಿಯಿಂದ ಮಾಯವಾಗಲಿಲ್ಲ, ಮನೆ ಕೈತಪ್ಪಲಿಲ್ಲ, ಎರಡು ವರ್ಷದೊಳಗೆ ಚುನಾವಣೆ ನಡೆದು ಸರಕಾರವೇ ಬದಲಾಯಿತು, 'ಮೂಕಜ್ಜಿಯ ಕನಸುಗಳು' ಕಾದಂಬರಿಗೆ 1977ನೆಯ ಸಾಲಿನ ಜ್ಞಾನಪೀಠ ಪ್ರಶಸ್ತಿ ಸಂದಿತು. ರಷ್ಯದ ಕವಿಗೆ ಅಂಥ ಬಿಡುಗಡೆ ಬರಲು ಒಂದು ಆಯುಷ್ಯವೇ ಸಾಲದಾಯಿತು. ವ್ಯತ್ಯಾಸ ಎದೆಗಾರಿಕೆಯಲ್ಲಿ ಇರಲಿಲ್ಲ. ನಮ್ಮಲ್ಲಿ ಅಚ್ಚುಕೂಟ ಹಲವರ ಕೈಯಲ್ಲಿತ್ತು, ಮತಪೆಟ್ಟಿಗೆಯಿತ್ತು, ನ್ಯಾಯಾಲಯದ ಬಾಗಿಲಿತ್ತು. ಅಲ್ಲಿ ಇವೆಲ್ಲ ಹೆಸರಿಗಷ್ಟೇ ಇದ್ದುವು. ಆದರೆ ಇಪ್ಪತ್ತೊಂದು ತಿಂಗಳ ಮಟ್ಟಿಗೆ ಆ ಬಾಗಿಲುಗಳು ನಮ್ಮಲ್ಲೂ ಮುಚ್ಚತೊಡಗಿದ್ದುವೆಂಬುದನ್ನು ನೆನಪಿಡಬೇಕು. ಬಾಯಿ ಕಟ್ಟುವ ಚಟ ಯಾವುದೋ ಒಂದು ಪಕ್ಷದ, ಒಂದು ಬಣ್ಣದ ಸೊತ್ತಲ್ಲ. ಅಧಿಕಾರ ಒಂದೇ ಕಡೆ ರಾಶಿಬಿದ್ದಲ್ಲೆಲ್ಲ ಅದು ಹುಟ್ಟಿಕೊಳ್ಳುತ್ತದೆ.

ಹಾಗಾದರೆ ಓದುಗನ ಪಾಲಿನ ಕೆಲಸವೇನು? ಪರರ ವಿಚಾರವನ್ನೂ ಪರರ ಧರ್ಮವನ್ನೂ ಸಹಿಸಿಕೊಳ್ಳುವುದೇ ನಿಜವಾದ ಸಂಪತ್ತೆಂದು ಒಂಬತ್ತನೆಯ ಶತಮಾನದಲ್ಲಿಯೇ 'ಕವಿರಾಜಮಾರ್ಗ' ಹೇಳಿದೆ. ಅರಸನ ಆಸ್ಥಾನದಲ್ಲಿ ಹುಟ್ಟಿದ ಗ್ರಂಥವೇ ಹಾಗೆ ಹೇಳಿತೆಂಬುದು ನಮಗೆ ಹೆಮ್ಮೆಯ ಮಾತು. ಸಹಿಸುವುದೆಂದರೆ ಒಪ್ಪುವುದಲ್ಲ. ವಾಲಿಯ ವಾದವನ್ನು ಕೊನೆಯವರೆಗೆ ಕೇಳಿ, ಆಮೇಲೆ ರಾಮನ ಉತ್ತರವನ್ನು ತೂಗಿ ನೋಡುವುದು. ನಮ್ಮ ಹೈಸ್ಕೂಲು ಮಕ್ಕಳು 'ಚಿರಸ್ಮರಣೆ'ಯನ್ನು ಓದಲಿ. ಬೆಳೆದ ಮೇಲೆ 'ಡಾಕ್ಟರ್ ಝಿವಾಗೊ' ಕಾದಂಬರಿಯನ್ನೂ ಓದಲಿ. ಕ್ರಾಂತಿ ಏಕೆ ಬೇಕೆನಿಸಿತೆಂಬುದನ್ನು ಒಂದು ಪುಸ್ತಕ ತಿಳಿಸೀತು. ಕ್ರಾಂತಿ ಗೆದ್ದ ಮೇಲೆ ಒಬ್ಬೊಂಟಿ ಮನುಷ್ಯನಿಗೆ ಏನಾಯಿತೆಂಬುದನ್ನು ಇನ್ನೊಂದು ತಿಳಿಸೀತು. ಊರಿನ ಗ್ರಂಥಭಂಡಾರದ ಒಂದೇ ಹಲಗೆಯ ಮೇಲೆ ಎರಡಕ್ಕೂ ಜಾಗವಿದ್ದರೆ, ನಮ್ಮ ಮಟ್ಟಿಗೆ ಆ ನಾಲ್ವರು ರೈತರಿಗೂ ಆ ಕವಿಗಳಿಗೂ ಸಲ್ಲಬೇಕಾದ ಗೌರವ ಸಂದಂತಾಯಿತು.